ಅತ್ತಿಗೆಯ ಮೆಟ್ಟಿಲು

ಟೈಲರಕ್ಕನನ್ನು ಮೊದಲು ಕಂಡ ದಿನ ಆಕೆ ಯಾರದೋ ಖಾಲಿ ಮನೆಯ ಗೇಟಿಗೆ ಒರಗಿಕೊಂಡು, ಕೊರಳಲ್ಲಿದ್ದ ಅಳತೆಯ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ನಿಂತಿದ್ದಳು. ಮನೆಯೊಳಗಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿತ್ತು. ಆ ಸದ್ದು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ನಿಧಾನವಾಗಿ ನಡೆದು ಹೋಗುತ್ತಿತ್ತು. ನಡುನಡುವೆ ನಲ್ಲಿ ತಿರುಗಿಸಿದ ಸದ್ದು, ನೀರು ಬಿದ್ದ ಸದ್ದು, ಕಿಟಕಿ ತೆಗೆದು ಮುಚ್ಚಿದ ಸದ್ದು. ಗುರುತು ಪರಿಚಯವಿಲ್ಲದಿದ್ದರೂ ದಾರಿಯಲ್ಲಿ ಹೋಗುತ್ತಿದ್ದ ನನ್ನನ್ನೇ ತಡೆದು ಆಕೆ ಹೇಳಿದ್ದು ಇಷ್ಟು:

“ನೀವಾದ್ರೂ ಸ್ವಲ್ಪ ಒಳಗೆ ಹೋಗಿ ಹೇಳ್ತೀರಾ? ಅದು ಗೋಡೆ, ಕಲ್ಲಂಗಡಿ ಹಣ್ಣಲ್ಲ ಅಂತ. ನಾನು ಹೇಳಿ ಹೇಳಿ ಬಾಯಿ ಒಣಗಿಹೋಗಿದೆ.”

ಒಳಗೆ ಗೋಡೆ ತಟ್ಟುತ್ತಿದ್ದವರು ಆಕೆಯ ಯಜಮಾನರು. ಊರ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಕೆಲಸ ಬಿಟ್ಟಿದ್ದರೂ ಹೆಸರು ಬಿಟ್ಟಿರಲಿಲ್ಲ. ಎಲ್ಲರಿಗೂ ಅವರು ಇನ್ನೂ ಚೆಕಿಂಗ್ ಸಾಹೇಬರೇ. ಆ ಮನೆಯಿಂದ ಅವರು ಹೊರಗೆ ಬಂದಾಗ ಬೆರಳ ಗಂಟುಗಳು ಸುಣ್ಣದಿಂದ ಬೆಳ್ಳಗಾಗಿದ್ದವು. ಹೆಂಡತಿಯ ಮುಖ ನೋಡದೆ, ಚಪ್ಪಲಿ ಹುಡುಕುತ್ತ, “ಇನ್ನೊಂದ್ಸಲ ನೋಡೋಣ” ಎಂದರು. ಟೈಲರಕ್ಕ ಟೇಪನ್ನು ಬಿಗಿಯಾಗಿ ಸುತ್ತಿ ಚೀಲಕ್ಕೆ ತುರುಕಿದಳು. ಆ ಎರಡು ಪದಗಳನ್ನು ಕೇಳಿ ಕೇಳಿ ಆಕೆಗೆ ಅವು ಕಿವಿಯೊಳಗೆ ಕೂತ ಸೊಳ್ಳೆಯಂತಾಗಿದ್ದವು.

ಆಕೆಗೆ ಅಷ್ಟು ಅವಸರ ಏಕೆಂದರೆ, ಹಲವು ವರ್ಷಗಳಿಂದ ಆಕೆ ಹೊಲಿಗೆಯಂಗಡಿ ನಡೆಸುತ್ತಿದ್ದ ಬಾಡಿಗೆ ಕೋಣೆಯನ್ನು ಮಾಲೀಕರು ಕೆಡವಿ ಹೊಸದಾಗಿ ಕಟ್ಟುವವರಿದ್ದರು. ಬೇಸಿಗೆ ಮುಗಿಯುವುದರೊಳಗೆ ಖಾಲಿ ಮಾಡಬೇಕೆಂದು ನಯವಾಗಿಯೇ ಹೇಳಿದ್ದರು. ಇನ್ನೊಂದು ಬಾಡಿಗೆ ಕೋಣೆ ಹಿಡಿದು, ಅಲ್ಲಿಂದಲೂ ಇನ್ನೊಮ್ಮೆ ಏಳುವ ತಾಳ್ಮೆ ಆಕೆಗೆ ಉಳಿದಿರಲಿಲ್ಲ. ಗಂಡ ಹೆಂಡಿರು ಕೂತು ಒಂದು ಲೆಕ್ಕ ಹಾಕಿದ್ದರು. ಒಂದು ಮಹಡಿ ಮನೆ ಕೊಳ್ಳುವುದು. ಕೆಳಗೆ ಮುಂದಿನ ಕೋಣೆಯಲ್ಲಿ ಹೊಲಿಗೆಯಂಗಡಿ, ಹಿಂದೆ ತಮ್ಮ ವಾಸ. ಮಹಡಿಯನ್ನು ಬಾಡಿಗೆಗೆ ಕೊಡುವುದು. ಆ ಬಾಡಿಗೆಯಿಂದ ಬ್ಯಾಂಕಿನ ಸಾಲದ ಕಂತು ಕಟ್ಟುವುದು. ಮಹಡಿಗೆ ಬಾಡಿಗೆದಾರರು ಬಂದರೆ ಮನೆ ತನ್ನ ಸಾಲವನ್ನು ತಾನೇ ತೀರಿಸಿಕೊಳ್ಳುತ್ತಿತ್ತು. ಬರದಿದ್ದರೆ ಆಕೆಯ ಮೂರು ಮೆಷಿನ್ನುಗಳು ಹಗಲಿರುಳು ಓಡಿದರೂ ಸಾಲುತ್ತಿರಲಿಲ್ಲ. ಇಡೀ ಲೆಕ್ಕ ನಿಂತಿದ್ದದ್ದು ಮಹಡಿಯ ಮೇಲೆ.

ಇಷ್ಟೆಲ್ಲ ಗೊತ್ತಿದ್ದೂ ಸಾಹೇಬರು ಮನೆಗಳನ್ನು ನೋಡುವ ರೀತಿ ಬಸ್ಸು ಹತ್ತುವ ರೀತಿಯೇ ಆಗಿತ್ತು. ಬರುತ್ತೇನೆಂದು ಹೇಳಿ ಹೋದವರಲ್ಲ. ಬೆಳಗ್ಗೆ ಹಲ್ಲುಜ್ಜುವ ಹೊತ್ತಿಗೆ ಹೋಗಿ ಬಾಗಿಲು ತಟ್ಟುವರು. ಮಧ್ಯಾಹ್ನ ಮನೆಯವರು ಅಡ್ಡಾದಾಗ ಹೋಗಿ ಎಬ್ಬಿಸುವರು. ಹೋದ ಮೇಲೆ ಏನನ್ನೂ ಕೇಳುವವರಲ್ಲ. ಸುಮ್ಮನೆ ಎದುರಿಗೆ ನಿಂತು ಮುಖ ನೋಡುವುದು.

“ಕೇಳಬಾರದು ಇವಳೇ,” ಎಂದು ಹೆಂಡತಿಗೆ ಪಾಠ ಹೇಳುತ್ತಿದ್ದರು. “ಟಿಕೆಟ್ ಎಲ್ಲಿ ಅಂತ ಕೇಳಿದ್ರೆ ಕಳೆದುಹೋಯ್ತು ಅಂತಾನೆ. ಸುಮ್ಮನೆ ಪಕ್ಕದಲ್ಲಿ ನಿಂತ್ಕೊ. ಟಿಕೆಟ್ ಇಲ್ಲದವನು ಮೊದಲು ಕಿಟಕಿಯಾಚೆ ನೋಡ್ತಾನೆ. ಆಮೇಲೆ ಕೆಮ್ತಾನೆ. ಆಮೇಲೆ ತಾನಾಗೇ ಬಾಯಿ ಬಿಡ್ತಾನೆ.”

“ಮನೆ ಮಾರೋರಿಗೆ ನಿಜವಾಗ್ಲೂ ಕೆಮ್ಮಿದ್ರೆ?”

“ಅದೂ ಗೊತ್ತಾಗುತ್ತೆ.”

ಅವರ ಅನುಮಾನಗಳು ಬರಿಯ ಅನುಮಾನಗಳೆಂದು ಹೇಳುವಂತೆಯೂ ಇರಲಿಲ್ಲ. ಟೈಲರಕ್ಕನ ತಲೆ ಚಿಟ್ಟು ಹಿಡಿಯುತ್ತಿದ್ದದ್ದು ಅದಕ್ಕೇ. ಒಂದು ಮನೆಯಲ್ಲಿ ಗೋಡೆಗೆ ಸೊಂಟದ ಎತ್ತರದವರೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರು. ತಟ್ಟಿ ನೋಡಿದರೆ ಒಳಗೆಲ್ಲ ನೀರು ಕುಡಿದ ಗಾರೆ. ಇನ್ನೊಂದರಲ್ಲಿ ಮಾರುವವರ ತಮ್ಮನ ಸಹಿ ಬೇಕಿತ್ತು, ಆ ತಮ್ಮ ಯಾವ ಊರಿನಲ್ಲಿದ್ದಾನೆಂದು ಹೇಳುವವರಿರಲಿಲ್ಲ. ಮತ್ತೊಂದು ಮನೆ ಎಲ್ಲ ರೀತಿಯಲ್ಲೂ ಚೆನ್ನಾಗಿತ್ತು, ಮಹಡಿಯ ಬಾಡಿಗೆದಾರರೂ ಸಂಭಾವಿತರು. ಆದರೆ ಈ ಜನ್ಮದಲ್ಲಿ ಅವರು ಮನೆ ಬಿಡುವವರಲ್ಲವೆಂದು ಅವರ ಬಾಲ್ಕನಿಯ ಹೂಕುಂಡಗಳನ್ನು ನೋಡಿಯೇ ಸಾಹೇಬರು ಹೇಳಿದರು. ಆಮೇಲೆ ವಿಚಾರಿಸಿದರೆ ಹಳೆಯ ಪುಡಿಗಾಸಿನ ಬಾಡಿಗೆಯಲ್ಲೇ ಇರುತ್ತೇವೆಂದು ಅವರು ಆಗಲೇ ಕೋರ್ಟು ಹತ್ತಿ ಕೂತಿದ್ದರು. ಹೀಗಾಗಿ ಟೈಲರಕ್ಕ ಜಗಳವಾಡುವಂತೆಯೂ ಇಲ್ಲ, ಸುಮ್ಮನಿರುವಂತೆಯೂ ಇಲ್ಲ. ಗಂಡ ತಪ್ಪು ಮಾಡಿದರೆ ಬೈದು ಹಗುರಾಗಬಹುದು. ಸರಿಯಿದ್ದರೆ ಏನು ಮಾಡುವುದು?

ಮನೆ ತೋರಿಸುತ್ತಿದ್ದ ಬ್ರೋಕರ್ ಬಾಯಿ ತುಂಬ ಮಾತಿನ ಮನುಷ್ಯ. ಅವನೂ ಒಂದು ದಿನ ಅಂಗಡಿಯ ಸ್ಟೂಲಿನ ಮೇಲೆ ಕುಸಿದು ಕೂತು ಕೇಳಿದ.

“ಅಲ್ಲಕ್ಕ, ಸಾಹೇಬ್ರು ನಿಮ್ಮನ್ನ ಮದುವೆ ಆಗೋಕೆ ಮುಂಚೆ ಎಷ್ಟು ವರ್ಷ ವಿಚಾರಿಸಿದ್ರು?”

“ವಿಚಾರಿಸದೆ ಮಾಡಿದ ಕೆಲಸ ಅಂದ್ರೆ ಅದೊಂದೇನಪ್ಪ. ಆ ಬಾಕಿ ಈಗ ಎಲ್ಲದರ ಮೇಲೂ ತೀರಿಸ್ಕೊಳ್ತಿದಾರೆ.”

ಆ ಬ್ರೋಕರ್ ಕೊನೆಗೆ ತೋರಿಸಿದ್ದು ಔಷಧಿ ಅಂಗಡಿಯವರ ಮನೆ. ಅವರು ಮಗಳ ಊರಿಗೆ ಹೋಗಿ ನೆಲೆಸುವವರಿದ್ದರು. ಮನೆ ಎರಡು ಬೀದಿ ಕೂಡುವಲ್ಲಿತ್ತು. ಕೆಳಗಿನ ಮುಂಕೋಣೆಗೆ ಗೋಡೆಯಗಲದ ಕಿಟಕಿ; ಬಿಸಿಲು ನೇರವಾಗಿ ಬೀಳದೆ ಬೆಳಕು ಮಾತ್ರ ದಿನವಿಡೀ ಒಳಗೆ ಬರುತ್ತಿತ್ತು. ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಹಾಕುವವರಿಗೆ ಆ ಬೆಳಕಿನ ಬೆಲೆ ಗೊತ್ತು. ಟೈಲರಕ್ಕ ಕಿಟಕಿಯ ಮುಂದೆ ನಿಂತು ಅಂಗೈ ಚಾಚಿ ನೋಡಿದಳು. ಕೈಯ ಗೆರೆಗಳೆಲ್ಲ ಕಂಡವು. ಕತ್ತರಿಸುವ ಮೇಜು ಇಲ್ಲಿಯೇ ಎಂದು ಮನಸ್ಸಿನಲ್ಲಿಯೇ ಇಟ್ಟುಬಿಟ್ಟಳು. ಮೇಲೆ ಎರಡು ಕೋಣೆ, ಅಡುಗೆಮನೆ, ಸಣ್ಣ ಬಾಲ್ಕನಿ. ಮನೆಯ ಎಡಗಡೆ ಹೊರಗಿನಿಂದ ಸಿಮೆಂಟಿನ ಮೆಟ್ಟಿಲು, ಅದಕ್ಕೆ ಕಬ್ಬಿಣದ ಕಟಕಟೆ. ಬಾಡಿಗೆದಾರರು ತಮ್ಮ ಪಾಡಿಗೆ ತಾವು ಹತ್ತಿ ಇಳಿಯಬಹುದು.

ಗೋಡೆಗಳು ಗಟ್ಟಿಯಾಗಿದ್ದವು. ನೀರು ಚೆನ್ನಾಗಿ ಬರುತ್ತಿತ್ತು. ತೆರಿಗೆ ಬಾಕಿ ಇರಲಿಲ್ಲ, ಅಡವಿರಲಿಲ್ಲ, ಬಾಡಿಗೆದಾರರಿರಲಿಲ್ಲ. ಮಗಳು ಅಳಿಯ ಇಬ್ಬರೂ ಸಹಿಗೆ ಒಪ್ಪಿದ್ದರು. ವಕೀಲರು ಕಾಗದಗಳನ್ನು ಹಿಂದೆ ಮುಂದೆ ತಿರುಗಿಸಿ ಓದಿ, “ಇಷ್ಟು ಶುದ್ಧವಾದ ಕಾಗದ ನೋಡಿ ಎಷ್ಟು ಕಾಲ ಆಗಿತ್ತು” ಎಂದು ಸಂತೋಷಪಟ್ಟರು. ಸಾಹೇಬರು ಮಾತ್ರ ಆ ಮನೆಗೆ ಹೋಗುವರು, ಮೆಟ್ಟಿಲ ಬುಡದಲ್ಲಿ ಕೈಕಟ್ಟಿಕೊಂಡು ನಿಲ್ಲುವರು, ಔಷಧಿಯವರ ಮುಖ ನೋಡುವರು, ವಾಪಸು ಬರುವರು.

“ಏನು ಹೇಳಿದ್ರು?”

“ಏನೂ ಹೇಳಲಿಲ್ಲ. ಇನ್ನೊಂದ್ಸಲ ನೋಡೋಣ.”

ಟೈಲರಕ್ಕ ಮೆಷಿನ್ ನಿಲ್ಲಿಸಿದಳು. ಸೂಜಿ ಶಾಲೆಯ ಸಮವಸ್ತ್ರದ ತೋಳಿನೊಳಗೆ ಅರ್ಧ ಇಳಿದು ನಿಂತಿತು.

“ನೋಡಿ, ಇನ್ನೊಂದ್ಸಲ ಅನ್ನೋ ಮಾತು ನಿಮ್ಮ ಬಾಯಿಂದ ಬಂದ್ರೆ ನಾನು ಈ ಮೆಷಿನ್‌ಗಳನ್ನ ರಸ್ತೆ ಮೇಲಿಟ್ಟು ಹೊಲೀತೀನಿ. ನೀವು ಪಕ್ಕದಲ್ಲಿ ನಿಂತು ಹೋಗೋ ಬರೋರ ಟಿಕೆಟ್ ನೋಡ್ತಿರಿ. ಆ ಮನೇಲಿ ಏನು ಕೊರತೆ ಅಂತ ಹೇಳಿ. ಇಲ್ಲಾಂದ್ರೆ ಕೊಂಡ್ಕೊಳ್ಳಿ. ಇವೆರಡರಲ್ಲಿ ಒಂದು.”

ಸಾಹೇಬರು ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ದಿನ ಎಣಿಸಿದರು. ಆಮೇಲೆ, “ಆಯ್ತು. ಸೋಮವಾರ ರಿಜಿಸ್ಟ್ರೇಷನ್” ಎಂದರು.

ಟೈಲರಕ್ಕನಿಗೆ ನಂಬಿಕೆ ಬರಲಿಲ್ಲ. ಬಂದ ಮೇಲೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮರುದಿನ ಮಧ್ಯಾಹ್ನವೇ ಟೇಪು ಹಿಡಿದುಕೊಂಡು ಒಬ್ಬಳೇ ಆ ಮನೆಗೆ ಹೋದಳು. ಕಿಟಕಿಯ ಅಳತೆ, ಮೇಜಿನ ಅಳತೆ, ಕನ್ನಡಿ ನಿಲ್ಲಿಸುವ ಜಾಗ, ಬಂದವರು ಅಂಗಿ ಹಾಕಿ ನೋಡುವುದಕ್ಕೆ ಪರದೆ ಕಟ್ಟುವ ಮೂಲೆ. ಎಲ್ಲ ಅಳೆದು ಮುಗಿಸಿ, ಬೆವರು ಒರೆಸಿಕೊಳ್ಳುತ್ತ ಹೊರಗಿನ ಮೆಟ್ಟಿಲ ಮೇಲೆ ಕೂತಳು.

ಪಕ್ಕದ ಮನೆಯಿಂದ ಒಬ್ಬ ವಯಸ್ಸಾದ ಹೆಂಗಸು ಬಕೆಟ್ಟು ಹಿಡಿದು ಬಂದರು. ಔಷಧಿಯವರ ಅಣ್ಣನ ಹೆಂಡತಿ. ಅಣ್ಣ ತೀರಿಕೊಂಡು ಬಹಳ ಕಾಲವಾಗಿತ್ತು. ಅತ್ತಿಗೆ ಮಗನೊಂದಿಗೆ ಆ ಮನೆಯಲ್ಲಿದ್ದರು. ಒಗೆದ ಬಟ್ಟೆಯನ್ನು ಮೆಟ್ಟಿಲ ಕಟಕಟೆಯ ಮೇಲೆ ಹರವುತ್ತ, “ಕೂತ್ಕೊಳಮ್ಮ, ಏಳಬೇಡ,” ಎಂದರು. “ಆದ್ರೆ ಆ ಅಂಚು ಒಡೆದಿದೆ ನೋಡು, ಬಟ್ಟೆ ಹಿಡ್ಕೊಳುತ್ತೆ. ಸರಿ ಮಾಡಿಸಬೇಕು ಅಂತಿದ್ದೆ. ಈಗ ಇನ್ನೇನು, ಹೇಗೂ ಒಡೆಸೋದೇ ಅಲ್ವಾ.”

“ಏನು ಒಡೆಸೋದು?”

“ಈ ಮೆಟ್ಟಿಲನ್ನ. ಮಗ ಕಾರು ತಗೊಳ್ತಾನಂತೆ. ನಿಲ್ಲಿಸೋಕೆ ಜಾಗ ಬೇಡ್ವಾ?”

ಟೈಲರಕ್ಕ ಮೆಟ್ಟಿಲಿನಿಂದ ಎದ್ದು ನಿಂತಳು. “ಮೆಟ್ಟಿಲು… ಈ ಮನೇದಲ್ವಾ?”

“ಈ ಮನೇದು ಹೇಗಾಗುತ್ತೆ? ನಮ್ಮ ಜಾಗದಲ್ಲಿ ನಮ್ಮ ಮನೆಯವರು ಕಟ್ಟಿಸಿದ್ದು. ಆಗ ಅಣ್ಣ ತಮ್ಮ ಇಬ್ರೂ ಒಂದೇ. ಇಬ್ಬರ ಮಹಡಿಗೂ ಒಂದೇ ಮೆಟ್ಟಿಲು ಸಾಕು ಅಂದ್ರು. ಆಮೇಲೆ ನಮಗೆ ಮನೆಯೊಳಗೇ ಬೇರೆ ಆಯ್ತು. ಮೈದುನ ಹತ್ತಲಿ ಅಂತ ಇದನ್ನ ಬಿಟ್ಟಿದ್ದೆ. ಬಂದ ಬಂದ ಬಾಡಿಗೆದಾರರೆಲ್ಲ ಹತ್ತಿ ಇಳಿಯೋಕೆ ಇದೇನು ಬಸ್ ಸ್ಟ್ಯಾಂಡಾ ಹೇಳು.”

ಅತ್ತಿಗೆ ಕೆಟ್ಟ ಮಾತು ಒಂದೂ ಆಡಲಿಲ್ಲ. ಕುಡಿಯಲು ನೀರು ಬೇಕೇ ಎಂದೂ ಕೇಳಿದರು.

ಟೈಲರಕ್ಕ ಮನೆಗೆ ನಡೆದುಕೊಂಡೇ ಬಂದಳು. ಮೆಟ್ಟಿಲಿಲ್ಲದ ಮಹಡಿಗೆ ಬಾಡಿಗೆದಾರರೇನು ಹಾರಿ ಬರುತ್ತಾರೆಯೇ? ಬಾಡಿಗೆ ಇಲ್ಲದೆ ಕಂತು ಕಟ್ಟುವವರು ಯಾರು? ಇದನ್ನು ಗಂಡನಿಗೆ ಹೇಳಲೇಬೇಕು. ಹೇಳಿದರೆ ಸೋಮವಾರವೂ ಇಲ್ಲ, ಕಿಟಕಿಯೂ ಇಲ್ಲ. ಮುಂದಿನ ಮನೆಗೆ ಗೋಡೆ ತಟ್ಟುವುದು ಸಾಲದೆಂದು ಸಾಹೇಬರು ಅಡಿಪಾಯವನ್ನೇ ಅಗೆದು ನೋಡಬಹುದು. ಅಷ್ಟರಲ್ಲಿ ಅಂಗಡಿ ಮಣ್ಣಾಗಿರುತ್ತದೆ. ಕಾಗದ ನೋಡಿ ಸಂತೋಷಪಟ್ಟ ವಕೀಲರ ಮೇಲೆ ಆಕೆಗೆ ಸಿಟ್ಟು ಬಂತು. ಬ್ರೋಕರ್ ಮೇಲೆ ಬಂತು. ಸತ್ತುಹೋದ ಆ ಅಣ್ಣನ ಮೇಲೂ ಬಂತು. ಕಟ್ಟುವವನು ಒಂದು ಗಜ ಈಚೆಗೆ ಕಟ್ಟಬಾರದಿತ್ತೇ?

ಅಂದು ಸಂಜೆ ಆಕೆ ಊಟಕ್ಕೆ ಬಡಿಸಿದಳು. ಮಾತಾಡಲಿಲ್ಲ. ಸಾಹೇಬರು ಉಂಡರು. ಅವರೂ ಮಾತಾಡಲಿಲ್ಲ. ಮರುದಿನವೂ ಹಾಗೆಯೇ. ಆಕೆ ತಲೆಯೆತ್ತಿದಾಗಲೆಲ್ಲ ಅವರು ಎದುರಿಗೆ ನಿಂತು ತನ್ನ ಮುಖವನ್ನೇ ನೋಡುತ್ತಿರುವುದು ಕಾಣುತ್ತಿತ್ತು. ಆಕೆ ಗುಂಡಿ ಹುಡುಕುವ ನೆಪ ಮಾಡಿದಳು. ಆಮೇಲೆ ಕಿಟಕಿಯಾಚೆ ನೋಡಿದಳು. ಆಮೇಲೆ, ತನಗೆ ಗೊತ್ತಿಲ್ಲದೆಯೇ, ಕೆಮ್ಮಿದಳು.

ಕೆಮ್ಮಿದ ಕೂಡಲೇ ಆಕೆಗೆ ಅರ್ಥವಾಯಿತು, ಈ ಮನುಷ್ಯ ತನ್ನ ಟಿಕೆಟ್ಟು ನೋಡುತ್ತಿದ್ದಾರೆ ಎಂದು.

“ಆ ಮೆಟ್ಟಿಲು ಅವರದಲ್ಲ ರೀ,” ಎಂದು ಕತ್ತರಿಯನ್ನು ಮೇಜಿನ ಮೇಲಿಟ್ಟಳು. “ಪಕ್ಕದ ಮನೇದು. ಒಡೆಸ್ತಾರಂತೆ.”

“ಗೊತ್ತು,” ಎಂದರು ಸಾಹೇಬರು.

“ಏನಂದ್ರಿ?”

“ಗೊತ್ತು ಅಂದೆ. ಮೊದಲ ಸಲ ಹೋದಾಗಲೇ ಅನುಮಾನ ಬಂತು. ಮೆಟ್ಟಿಲಿಗೆ ಬಳಿದಿರೋದು ಪಕ್ಕದ ಮನೆ ಬಣ್ಣ. ಕೆಳಗೆ ಇಟ್ಟಿರೋ ಸಾಮಾನೆಲ್ಲ ಅವರದು. ಔಷಧಿಯವರ ಒಂದು ಪೊರಕೇನೂ ಅಲ್ಲಿಲ್ಲ.”

“ಮತ್ತೆ ಇಷ್ಟು ದಿನ ಬಾಯಿ ಯಾಕೆ ಬಿಡಲಿಲ್ಲ?”

“ಅವರೇ ಬಿಡ್ತಾರಾ ನೋಡೋಣ ಅಂತ ನಿಂತಿದ್ದೆ.”

“ಬಿಡದೇ ಇದ್ರೂ ಸೋಮವಾರ ರಿಜಿಸ್ಟ್ರೇಷನ್ ಅಂದ್ರಲ್ಲ?”

“ಅಲ್ಲಿ ಸಹಿಗೆ ಪೆನ್ನು ಹಿಡ್ಕೊಂಡು, ಹಾಕದೆ, ಸುಮ್ಮನೆ ಅವರ ಮುಖ ನೋಡಬೇಕು ಅಂತಿದ್ದೆ. ಹೇಳ್ದೆ ಎಲ್ಲಿಗೆ ಹೋಗ್ತಾರೆ?”

ಟೈಲರಕ್ಕ ಹಣೆಗೆ ಕೈ ಹಚ್ಚಿ ಕೂತಳು. ಗೊತ್ತಿಲ್ಲದೆ ಮೋಸ ಹೋಗುವವರನ್ನು ಕಂಡಿದ್ದಳು. ಎಲ್ಲ ಗೊತ್ತಿದ್ದೂ ಒಂದು ಪ್ರಶ್ನೆ ಕೇಳಲಾರದೆ ಬೀದಿಪಾಲಾಗಲು ಹೊರಟವರನ್ನು ಎಲ್ಲಿಯೂ ಕಂಡಿರಲಿಲ್ಲ.

“ಆ ಔಷಧಿಯವರಿಗೆ ಕೆಮ್ಮು ಬಂದ್ರೆ ಅಂಗಡೀಲಿ ಮಾತ್ರೆ ಇರುತ್ತೆ ಕಣ್ರೀ,” ಎಂದಳು. “ಎದ್ದೇಳಿ.”

ಕೊರಳಿನ ಟೇಪನ್ನೂ ತೆಗೆಯದೆ ಆಕೆ ಮುಂದೆ, ಸಾಹೇಬರು ಹಿಂದೆ. ಔಷಧಿ ಅಂಗಡಿಯಲ್ಲಿ ಜನವಿದ್ದರು. ಅವರ ನಡುವೆಯೇ ನುಗ್ಗಿ ಆಕೆ ಕೇಳಿಬಿಟ್ಟಳು.

“ಅಣ್ಣ, ಮಹಡಿ ಮೆಟ್ಟಿಲು ಯಾರದು?”

ಔಷಧಿಯವರು ಮಾತ್ರೆಯ ಪಟ್ಟಿಯನ್ನು ಕತ್ತರಿಸುತ್ತಿದ್ದವರು ತಲೆಯೆತ್ತಿದರು. “ಅತ್ತಿಗೇದು. ಯಾಕೆ, ಹೇಳಲಿಲ್ವಾ ನಾನು?”

“ಇಲ್ಲ.”

“ಅಯ್ಯೋ, ನೀವು ಕೇಳಲೂ ಇಲ್ಲವಲ್ಲಮ್ಮ. ಸಾಹೇಬ್ರು ಬಂದಾಗಲೆಲ್ಲ ಆ ಮೆಟ್ಟಿಲ ಹತ್ರಾನೇ ನಿಂತು ನನ್ನ ಮುಖ ನೋಡ್ತಿದ್ರು. ಇವರಿಗೆ ಗೊತ್ತಿದೆ, ಆದ್ರೂ ಬೆಲೆ ಇಳಿಸಿ ಅಂತಿಲ್ಲ, ಎಂಥ ದೊಡ್ಡ ಮನುಷ್ಯರು ಅಂತ ಮನೇಲೂ ಹೇಳ್ದೆ.”

ಆ ಮಾತು ಮುಗ್ಧತೆಯೋ ಜಾಣತನವೋ, ಗಂಡ ಹೆಂಡಿರ ನಡುವೆ ಇವತ್ತಿಗೂ ತೀರ್ಮಾನವಾಗಿಲ್ಲ. ಅಲ್ಲಿ ಆಗ ಸಾಹೇಬರು ಕಿಟಕಿಯಾಚೆ ನೋಡುತ್ತಿದ್ದರು ಎಂಬುದಂತೂ ನಿಜ.

ಕೇಳಿದ ಮೇಲೆ ಉಳಿದದ್ದು ಒಂದು ಸಂಜೆಯ ಮಾತಷ್ಟೆ. ಹೊಸ ಮೆಟ್ಟಿಲು ಕಟ್ಟುವ ಖರ್ಚನ್ನು ಬೆಲೆಯಲ್ಲಿ ಇಳಿಸಲು ಔಷಧಿಯವರು, ಸ್ವಲ್ಪ ಗೊಣಗಿ, ಒಪ್ಪಿದರು. ಅದು ಆಗುವವರೆಗೆ ಹಳೆಯ ಮೆಟ್ಟಿಲನ್ನು ಮುಟ್ಟುವುದಿಲ್ಲವೆಂದು ಅತ್ತಿಗೆ ಒಪ್ಪಿದರು. “ಬರೆದೇ ಕೊಡ್ತೀನಿ. ಬಾಯಿಮಾತಲ್ಲಿ ಬಿಟ್ಟಿದ್ದಕ್ಕೇ ತಾನೆ ಇಷ್ಟೆಲ್ಲ ಆಗಿದ್ದು” ಎಂದು ಅವರೇ ಹೇಳಿದರು. ಶುದ್ಧವಾದ ಕಾಗದದ ಜೊತೆಗೆ ವಕೀಲರು ಇನ್ನೊಂದು ಕಾಗದ ಸೇರಿಸಿದರು. ಈ ಸಲ ಅವರು ಮನೆಗೆ ಬಂದು, ಸುತ್ತಲೂ ಒಂದು ಸುತ್ತು ನಡೆದು ನೋಡಿ ಬರೆದರು.

ಆದರೆ ಮನೆಯ ಉಳಿದ ಮೂರು ಕಡೆಗಳಲ್ಲಿಯೂ ಅಂಗೈಯಗಲ ಖಾಲಿ ಜಾಗವಿರಲಿಲ್ಲ. ಮೆಟ್ಟಿಲು ಬರಬೇಕಾದರೆ ಮನೆಯೊಳಗೇ ಬರಬೇಕು. ಒಳಗೆ ಬರಬೇಕಾದರೆ ಮುಂಕೋಣೆಯಲ್ಲೇ ಬರಬೇಕು. ಮೇಸ್ತ್ರಿ ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದ. ಗೆರೆ ಕಿಟಕಿಯನ್ನು ಸರಿಯಾಗಿ ನಡುವೆ ಕತ್ತರಿಸಿತ್ತು. ಬಾಡಿಗೆದಾರರ ದಾರಿ ಬೇರೆಯಾಗಲೆಂದು ಅಲ್ಲೊಂದು ಮರದ ಅಡ್ಡಗೋಡೆಯೂ ಬೇಕು. ಟೈಲರಕ್ಕ ಅರ್ಧ ಬೆಳಕು ಆಚೆಗೆ, ಅರ್ಧ ಬೆಳಕು ಈಚೆಗೆ ಹೋಗುವುದನ್ನು ನೋಡುತ್ತ ನಿಂತಳು.

“ಬೇಡಾಂದ್ರೆ ಬಿಟ್ಟುಬಿಡೋಣ,” ಎಂದರು ಸಾಹೇಬರು. ಈ ಸಲ ಇನ್ನೊಂದ್ಸಲ ಎಂದು ಹೇಳಲಿಲ್ಲ. “ನಿನ್ನ ಕಿಟಕಿ ಅದು.”

“ಕಟ್ಟಿಸಿ,” ಎಂದಳು ಟೈಲರಕ್ಕ. “ಈಗ ಏನು ಹೋಗುತ್ತೆ ಅಂತ ಗೊತ್ತಿದ್ದು ಕೊಡ್ತಿದೀನಿ. ಅಷ್ಟು ಸಾಕು.”

ಬೇಸಿಗೆಯ ಕೊನೆಗೆ ಸಿಮೆಂಟಿನ ಧೂಳಿನ ನಡುವೆಯೇ ಮೆಷಿನ್ನುಗಳು ಬಂದಿಳಿದವು. ಆ ವರ್ಷ ಒಂದಿಡೀ ಶಾಲೆಯ ಮಕ್ಕಳು ಸ್ವಲ್ಪ ಬೂದು ಬಣ್ಣಕ್ಕೆ ತಿರುಗಿದ ಬಿಳಿ ಅಂಗಿ ತೊಟ್ಟುಕೊಂಡು ಓಡಾಡಿದರು.

ಈಗ ಮಹಡಿಯಲ್ಲಿ ಒಬ್ಬ ನರ್ಸೂ ಆಕೆಯ ತಾಯಿಯೂ ಇದ್ದಾರೆ. ಕಂತು ತನ್ನ ಪಾಡಿಗೆ ತಾನು ಹೋಗುತ್ತಿದೆ. ಅತ್ತಿಗೆಯ ಮನೆಯ ಪಕ್ಕದಲ್ಲಿ ಮೆಟ್ಟಿಲಿಲ್ಲ, ಕಾರೂ ಇನ್ನೂ ಬಂದಿಲ್ಲ. ಮಗ ಯಾವ ಕಾರೆಂದು ಇನ್ನೂ ನೋಡುತ್ತಿದ್ದಾನೆ. ಸಾಹೇಬರೇ ಸಲಹೆ ಕೊಡುತ್ತಿದ್ದಾರೆಂದ ಮೇಲೆ ಅದು ಬರುವ ಭರವಸೆ ಯಾರಿಗೂ ಇಲ್ಲ. ಟೈಲರಕ್ಕನ ಮೇಜು ಹೊಸ ಮೆಟ್ಟಿಲ ಇಳಿಜಾರಿನ ಕೆಳಗಿದೆ. ಬಟ್ಟೆ ಕತ್ತರಿಸಿ ನೇರವಾಗುವಾಗ ಆಕೆಯ ತಲೆ ದಿನಕ್ಕೊಮ್ಮೆಯಾದರೂ ಮೆಟ್ಟಿಲ ಅಡಿಗೆ ಬಡಿಯುತ್ತದೆ. ಆಗೆಲ್ಲ ಆಕೆ ಔಷಧಿಯವರನ್ನಲ್ಲ, ಗಂಡನನ್ನು ಬೈಯುತ್ತಾಳೆ.

ಊರಿನಲ್ಲಿ ಮನೆ ಕೊಳ್ಳುವವರೆಲ್ಲ ಈಗ ಸಾಹೇಬರನ್ನು ಕರೆಯಲು ಬರುತ್ತಾರೆ. ಆದರೆ ಅವರನ್ನು ಒಬ್ಬರನ್ನೇ ಕಳಿಸಲು ಆಕೆ ಒಪ್ಪುವುದಿಲ್ಲ. ಹೊಲಿಯಬೇಕಾದ ಪ್ಯಾಂಟುಗಳು ಕುತ್ತಿಗೆಯವರೆಗೆ ಬಿದ್ದಿದ್ದರೂ ಗೊಣಗುತ್ತಲೇ ಎದ್ದು ಜೊತೆಗೆ ಹೊರಡುತ್ತಾಳೆ. ಮೊನ್ನೆಯೂ ನನ್ನ ಕಣ್ಣಿಗೆ ಬಿದ್ದಳು. ಯಾರದೋ ಮನೆಯೊಳಗೆ ಟಕ್ ಟಕ್ ಸದ್ದು ಕೋಣೆಯಿಂದ ಕೋಣೆಗೆ ಹೋಗುತ್ತಿತ್ತು. ಆಕೆ ಈ ಸಲ ಆ ಮನೆಯ ಗೇಟಿಗೆ ಒರಗಿರಲಿಲ್ಲ. ಪಕ್ಕದ ಮನೆಯ ಬಾಗಿಲಲ್ಲಿ, ಒಳಗಿನಿಂದ ಬಂದ ಹೆಂಗಸಿನ ಎದುರಿಗೆ, ಟೇಪನ್ನು ಬೆರಳಿಗೆ ಸುತ್ತುತ್ತ ನಿಂತು ಕೇಳುತ್ತಿದ್ದಳು:

“ಬೇಜಾರು ಮಾಡ್ಕೋಬೇಡಿ ಅಕ್ಕ, ಒಂದೇ ಮಾತು. ನಿಮ್ಮದೇನಾದ್ರೂ ಆ ಮನೇಲಿ ಇದೆಯಾ? ಅವರದೇನಾದ್ರೂ ನಿಮ್ಮ ಹತ್ರ ಇದೆಯಾ?”